ಅವಳಿಗೆ ಐವತ್ತೆರಡು ಆಗಲಿ ಬಿಡಿ

"ನನ್ನ ನರ್ಸಮ್ಮನ ಕನ್ನಡಕ ಕಿತ್ತುಕೊಂಡವರು ಯಾರು?"

ಪ್ರಕಾಶನದ ಕಚೇರಿಯ ಎರಡನೇ ಮಹಡಿಯಲ್ಲಿ ಆ ದನಿ ಮೊಳಗಿದ್ದೇ ತಡ, ಕೀಲಿಮಣೆಗಳ ಮೇಲಿದ್ದ ಬೆರಳುಗಳೆಲ್ಲ ನಿಂತವು. ಲೆಕ್ಕದ ವಿಭಾಗದ ಮೇಡಂ ಬಾಯಿಗಿಟ್ಟ ಬಿಸ್ಕತ್ತನ್ನು ಕಚ್ಚದೆ ಹಾಗೇ ಹಿಡಿದುಕೊಂಡರು. ಬಂದವರು ಯಾರೆಂದು ತಿರುಗಿ ನೋಡಬೇಕಾದ ಅಗತ್ಯವೇ ಇರಲಿಲ್ಲ.

ಸಿಡಿಮಿಡಿ ಮೇಡಂ!

ಎದುರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲದಿದ್ದರೂ, ಆ ಲೇಖಕಿಗೆ ಕಚೇರಿಯಲ್ಲಿ ಅದೇ ಹೆಸರು. ಅವಳು ಹಸ್ತಪ್ರತಿಯ ಕಟ್ಟನ್ನು ಎದೆಗವಚಿಕೊಂಡು ನೇರವಾಗಿ ಕಿಟಕಿ ಪಕ್ಕದ ಮೇಜಿಗೆ ಬಂದಳು. ಅಲ್ಲಿ ಅವಳು ಹಿಂದೆಂದೂ ನೋಡಿರದ ಗಂಡಸೊಬ್ಬ ತಲೆ ತಗ್ಗಿಸಿ ಕೂತಿದ್ದ. ಕೈಯಲ್ಲಿ ಕೆಂಪು ಪೆನ್ನು.

"ನಿಮ್ಮನ್ನೇ ಕೇಳ್ತಿರೋದು! ಹೊಸ ಸಂಪಾದಕರು ನೀವೇ ತಾನೆ?"

ಅವನು ಎದ್ದು ನಿಂತ. ಐವತ್ತೈದರ ಆಸುಪಾಸು. ಮಡಚಿದ ತೋಳು, ಹೆಬ್ಬೆರಳಿಗೆ ಅಂಟಿದ ಶಾಯಿ, ಅವಸರವೇ ಇಲ್ಲದ ಕಣ್ಣು.

"ಹೌದು ಮೇಡಂ. ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ!"

"ಹಾಗಾದ್ರೆ ನಾನೂ ನಿಂತ್ಕೋತೀನಿ."

ಈ ಉತ್ತರಕ್ಕೆ ಅವಳ ಸಿಟ್ಟು ಇನ್ನಷ್ಟು ಏರಿತು. ಕಟ್ಟನ್ನು ಮೇಜಿನ ಮೇಲೆ ಕುಕ್ಕಿ ಪುಟ ತಿರುವಿದಳು.

"ನೋಡಿ ಇಲ್ಲಿ. 'ಕನ್ನಡಕ ಏರಿಸಿಕೊಂಡು' ಅಂತ ಬರೆದಿದ್ದೆ, ಹೊಡೆದು ಹಾಕಿದ್ದೀರಿ. ಇಲ್ಲಿ ಮೊಣಕಾಲು ನೋವು, ಅದೂ ಇಲ್ಲ. ಇಲ್ಲಿ ನೋಡಿ, ನರೆತ ಜಡೆ ಹೋಗಿ 'ಕಪ್ಪು ಮುಂಗುರುಳು' ಬಂದಿದೆ! ಐವತ್ತೆರಡು ವರ್ಷದ ಹೆಂಗಸಿಗೆ! ಆದ್ರೆ ಡ್ರೈವರ್‌ನ ನರೆಗೂದಲು? ಅದನ್ನ ಒಬ್ರೂ ಮುಟ್ಟಿಲ್ಲ. ಪಕ್ಕದಲ್ಲಿ 'ಚೆನ್ನಾಗಿದೆ, ಇನ್ನೂ ಸ್ವಲ್ಪ ಇರಲಿ' ಅಂತ ಬೇರೆ! ಅವನಿಗೆ ನರೆ ಬಂದ್ರೆ ಗಾಂಭೀರ್ಯ, ಅವಳಿಗೆ ಬಂದ್ರೆ ಅವಮಾನ... ಯಾವ ನ್ಯಾಯಾರೀ ಇದು?"

ಅವನು ಪುಟವನ್ನು ತನ್ನ ಕಡೆ ತಿರುಗಿಸಿಕೊಂಡು ನಿಧಾನವಾಗಿ ನೋಡಿದ.

"ಅನ್ಯಾಯವೇ. ಆದ್ರೆ ಹೊಡೆದಿರೋದು ನೀಲಿ ಪೆನ್ನಲ್ಲಿ ಮೇಡಂ. ಅದು ನಮ್ಮ ಚಿಕ್ಕ ಯಜಮಾನರದ್ದು. ನಂದು ಕೆಂಪು."

ಅವಳು ಬಗ್ಗಿ ನೋಡಿದಳು. ನಿಜ... ಗೀಟುಗಳೆಲ್ಲ ನೀಲಿ. ಕೆಂಪು ಇದ್ದದ್ದು ಅಂಚಿನಲ್ಲಿ, ಪುಟ್ಟ ಪುಟ್ಟ ಅಕ್ಷರಗಳಲ್ಲಿ.

ತಪ್ಪು ಮನುಷ್ಯನ ಮೇಲೆ ಹರಿಹಾಯ್ದೆನಲ್ಲ! ಆದರೆ ಇಷ್ಟು ಜನರ ಮುಂದೆ ಹಿಂದೆ ಸರಿಯುವುದಾದರೂ ಹೇಗೆ?

"ಹಾಗಾದ್ರೆ ನಿಮ್ಮ ಕೆಂಪಿಗೆ ಇಲ್ಲೇನು ಕೆಲಸ?"

"ನಾಯಿ," ಎಂದ ಅವನು.

"ಏನು?"

"ನರ್ಸ್ ಮನೆ ನಾಯಿ. ಮೊದಲ ಪುಸ್ತಕದಲ್ಲೇ ಅದಕ್ಕೆ ವಯಸ್ಸಾಗಿತ್ತು. ಈ ಹತ್ತನೇ ಪುಸ್ತಕದಲ್ಲೂ ಬಾಲ ಅಲ್ಲಾಡಿಸ್ತಿದೆ. ಆಮೇಲೆ ಡ್ರೈವರ್‌ನ ಅಜ್ಜಿ. ಅವರಿಗೀಗ ನೂರಾ ಹದಿನಾಲ್ಕು ಆಗಿರ್ಬೇಕು. ಆರನೇ ಅಧ್ಯಾಯದಲ್ಲಿ ಏಣಿ ಹತ್ತಿ ಜೇಡರಬಲೆ ತೆಗೀತಿದ್ದಾರೆ."

ಲೆಕ್ಕದ ಮೇಡಂ ಕಿಸಕ್ಕನೆ ನಕ್ಕೇಬಿಟ್ಟರು. ಲೇಖಕಿಯ ಕಿವಿ ಬಿಸಿಯಾಯಿತು. ಕಟ್ಟನ್ನು ಬಾಚಿಕೊಂಡು ಬಿರಬಿರನೆ ಮೆಟ್ಟಿಲಿಳಿದಳು.

ರಸ್ತೆಗೆ ಬಂದ ಮೇಲೆ ಅವಳಿಗೇ ನಗು ಬಂತು. ತಡೆಯಲಾಗದ ನಗು... ಏಣಿ ಹತ್ತಿದ ನೂರಾ ಹದಿನಾಲ್ಕರ ಅಜ್ಜಿ!

*

ಅವಳು ಆ ಸರಣಿ ಶುರು ಮಾಡಿದಾಗ ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ. ಈಗ ಅವಳಿಗೂ ನರ್ಸಮ್ಮನಷ್ಟೇ ವಯಸ್ಸು, ಐವತ್ತೆರಡು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ನರ್ಸ್, ಅವಳು ಓಡಾಡುವ ಬಸ್ಸಿನ ಡ್ರೈವರ್. ಅಷ್ಟೇ ಕಥೆ. ಇಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಪ್ರತಿ ಪುಸ್ತಕದ ಕೊನೆಯಲ್ಲೂ ಏನೋ ಒಂದು ಅಡ್ಡ ಬಂದು ದೂರವಾಗುತ್ತಾರೆ. ಓದುಗರು ಅತ್ತು, ಬೈದು, ಮುಂದಿನ ಪುಸ್ತಕಕ್ಕೆ ಕಾಯುತ್ತಾರೆ.

ಒಂದೇ ಒಂದು ಹಠ ಅವಳದು. ತನಗೆ ವಯಸ್ಸಾದಂತೆ ಅವರಿಗೂ ಆಗಬೇಕು. ಯಾರನ್ನೂ ಚಿತ್ರಪಟದ ಹಾಗೆ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಬಾರದು.

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಮೂರನೇ ಪುಸ್ತಕದಲ್ಲಿ ಹಾಲುಹಲ್ಲು ಬಿದ್ದಿದ್ದ ಪಕ್ಕದ ಮನೆ ಮಗು ಏಳನೆಯದರಲ್ಲಿ ಕಾಲೇಜಿಗೆ ಹೋಗಬೇಕು. ಫೋನ್ ಬದಲಾಗಬೇಕು, ಬಸ್ ಟಿಕೆಟ್ ಬದಲಾಗಬೇಕು. ಯುವತಿಯಾಗಿದ್ದಾಗ ಪಟಪಟನೆ ಸಿಡಿಯುತ್ತಿದ್ದ ನರ್ಸ್, ಐವತ್ತರಲ್ಲೂ ಅದೇ ಮಾತಾಡಿದರೆ ಕಿವಿಗೆ ಹೊಂದುವುದಿಲ್ಲ. ಓದುಗರಂತೂ ಜಗಳಕ್ಕೇ ಬರುತ್ತಿದ್ದರು. 'ಅವಳಿಗೆ ನರೆ ಯಾಕೆ ತಂದ್ರಿ?' 'ನಮ್ಮ ನರ್ಸ್‌ಗೆ ಬಿ.ಪಿ. ಯಾಕೆ ಕೊಟ್ರಿ?' ಎಂದು.

"ನಾನೇನು ಬಿ.ಪಿ. ಹಂಚ್ತೀನಾ?" ಎಂದು ಅವಳು ಮನೆಯಲ್ಲಿ ಕೂಗಾಡುತ್ತಿದ್ದಳು.

"ಈಗ ನಿಂಗೇ ಏರ್ತಿದೆ ನೋಡಕ್ಕ," ಎನ್ನುತ್ತಿದ್ದಳು ತಂಗಿ. ತಂಗಿ ದಂತವೈದ್ಯೆ. ಮನೆಯ ಕೆಳಗೇ ಅವಳ ಕ್ಲಿನಿಕ್. ಅಕ್ಕನ ಕೂಗಾಟಕ್ಕೆ ಹಲ್ಲು ನೋವಿನವರೂ ಬೆಚ್ಚುತ್ತಾರೆ ಎಂಬುದು ಅವಳ ದೂರು.

ಅಪ್ಪನ ಕಾಯಿಲೆ, ತಂಗಿಯ ಓದು, ಒಂದರ ಹಿಂದೊಂದು ಪುಸ್ತಕ... ಇವುಗಳ ನಡುವೆ ಲೇಖಕಿ ಮದುವೆಯಾಗಿರಲಿಲ್ಲ. ಅದನ್ನು ಯಾರಾದರೂ ಕೇಳಿದರೆ, "ಟೈಮ್ ಎಲ್ಲಿತ್ತು?" ಎಂದು ನಕ್ಕುಬಿಡುತ್ತಿದ್ದಳು.

*

ಮರುವಾರ ಅವಳೇ ಫೋನ್ ಮಾಡಿದಳು.

"ನಾಯಿ ಸಾಯ್ಸಿದ್ದೀನಿ," ಎಂದಳು ಬಿಗಿದ ದನಿಯಲ್ಲಿ. "ಎಂಟನೇ ಪುಸ್ತಕ, ಹೊಸ ಮುದ್ರಣದಲ್ಲಿ. ಖುಷಿನಾ?"

"ಇಲ್ಲ," ಎಂದ ಅವನು. "ಒಳ್ಳೇ ನಾಯಿ ಅದು."

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಆ ಭಾಗ ಬರೆಯುವಾಗ ತಾನು ಅತ್ತಿದ್ದು ಇವನಿಗೆ ಹೇಗೆ ಗೊತ್ತಾಯಿತು?

ಅಂದಿನಿಂದ ಇಬ್ಬರೂ ಜೊತೆಯಲ್ಲಿ ಕೂತು ಕೆಲಸ ಮಾಡತೊಡಗಿದರು. ಕೆಲವೊಮ್ಮೆ ಕಚೇರಿಯಲ್ಲಿ, ಹೆಚ್ಚಾಗಿ ಕ್ಲಿನಿಕ್ಕಿನ ಮೇಲಿನ ಅವಳ ಕೋಣೆಯಲ್ಲಿ. ಅವನು ಒಂದೊಂದೇ ಕೇಳುತ್ತಿದ್ದ, ಅವಳು ಒಂದೊಂದಕ್ಕೂ ಸಿಡಿಯುತ್ತಿದ್ದಳು. ಆದರೆ ಅವನು ಬರುವ ದಿನ ಬೆಳಿಗ್ಗೆಯೇ ಮೇಜು ಒರೆಸಿ ಕಾಯುವುದೂ ಅವಳೇ.

ಒಂದು ಮಧ್ಯಾಹ್ನ ಅವನು ಪೆನ್ನು ಕೆಳಗಿಟ್ಟ.

"ಒಂದು ಮಾತು ಹೇಳ್ಲಾ? ಬೈಬಾರದು."

"ಹೇಳಿ. ಬೈಯೋದು ಬಿಡೋದು ಆಮೇಲೆ ನೋಡೋಣ."

"ನೀವು ಅವರಿಗೆ ವಯಸ್ಸು ಕೊಟ್ರಿ. ಬದುಕು ಕೊಡಲಿಲ್ಲ."

"ಏನಂದ್ರಿ?"

"ಕೂದಲು ಬೆಳ್ಳಗಾಯ್ತು, ಕಾಲು ನೋವು ಬಂತು. ಆದ್ರೆ ಮೊದಲ ಪುಸ್ತಕದಲ್ಲಿ ಎಲ್ಲಿ ನಿಂತಿದ್ರೋ ಇಬ್ರೂ ಇವತ್ತೂ ಅಲ್ಲೇ ನಿಂತಿದ್ದಾರೆ. ಒಂದು ಹೆಜ್ಜೆ ಮುಂದಿಡೋಕೆ ಬಿಟ್ಟಿಲ್ಲ ನೀವು. ಚಿಕ್ಕ ಯಜಮಾನ್ರು ನರೆ ಅಳಿಸಿದ್ದು ಅನ್ಯಾಯ ಅಂತೀರಿ. ಹತ್ತು ಪುಸ್ತಕ ಕಾಯ್ಸಿದ್ದು ಏನು ಮತ್ತೆ?"

ಅವಳ ಮೈ ಉರಿದುಹೋಯಿತು. "ಓದುಗರು ಬಿಡಲ್ಲ! ಮದುವೆ ಮಾಡಿದ್ರೆ ಕಥೆ ಮುಗೀತು ಅಂತಾರೆ!"

"ಮುಗಿಯುತ್ತಾ?"

"ನಿಮಗೇನು ಗೊತ್ತು?"

ಅವನು ಕಿಟಕಿಯ ಕಡೆ ತಿರುಗಿದ. ಈಗ ಅವನ ದನಿ ಬೇರೆಯಾಗಿತ್ತು.

"ನನ್ನ ಹೆಂಡತಿಗೆ ನಲವತ್ತೊಂದು ವರ್ಷ. ಹದಿಮೂರು ವರ್ಷದಿಂದ ನಲವತ್ತೊಂದೇ... ಅವಳಿಗೆ ಒಂದು ಬಿಳಿ ಕೂದಲು ಬಂದಿತ್ತು, ಗೊತ್ತಾ? ಒಂದೇ. ಕೀಳ್ತೀನಿ ಅಂತ ಹೊರಟವಳನ್ನ, ಇರ್ಲಿ ಬಿಡು ಅಂದಿದ್ದೆ. ಮುದುಕಿ ಆಗೋ ಪುಣ್ಯ ಅವಳಿಗಿರ್ಲಿಲ್ಲ. ಅದಕ್ಕೇ ವಯಸ್ಸನ್ನ ಅಳಿಸಿ ಹಾಕೋರನ್ನ ಕಂಡ್ರೆ ನಂಗೂ ಸಿಟ್ಟು ಬರುತ್ತೆ. ಇದ್ದ ವಯಸ್ಸನ್ನ ಪೋಲು ಮಾಡೋರನ್ನ ಕಂಡ್ರೂ."

ಅವಳು ಬೈಯಲಿಲ್ಲ. ಅವನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದಳು. ಲೋಟ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಬೇಗ ತೆಗೆಯಲಿಲ್ಲ.

ಛೆ... ಈ ವಯಸ್ಸಲ್ಲಿ ಎದೆ ಹೀಗೆ ಹೊಡೆದುಕೊಳ್ಳುತ್ತದೆಯೇ? ಇದನ್ನು ನಾನು ಯಾವ ಪುಸ್ತಕದಲ್ಲೂ ಬರೆದೇ ಇಲ್ಲವಲ್ಲ!

*

ಚಿಕ್ಕ ಯಜಮಾನ ಎಂದರೆ ಪ್ರಕಾಶನ ಕಟ್ಟಿದವರ ಮಗ. ಲೇಖಕಿ ಮೊದಲ ಪುಸ್ತಕ ತಂದುಕೊಟ್ಟಾಗ ಅಪ್ಪನ ಮೇಜಿನ ಕೆಳಗೆ ಆಟದ ಕಾರು ಓಡಿಸುತ್ತಿದ್ದವನು. ಈಗ ಅವಳನ್ನು ಕರೆಸಿ ಎದುರು ಕೂರಿಸಿಕೊಂಡಿದ್ದ. ಪಕ್ಕದ ಕುರ್ಚಿಯಲ್ಲಿ ಸಂಪಾದಕ.

"ಮೇಡಂ, ಕಾಲ ಬದಲಾಗಿದೆ. ಮೊಬೈಲಲ್ಲಿ ಓದೋ ಹುಡುಗಿಯರಿಗೆ ಮೊಣಕಾಲು ನೋವಿನ ಕಥೆ ಬೇಡ. ಅದಕ್ಕೇ ತೀರ್ಮಾನ ಮಾಡಿದ್ದೀನಿ. ಈ ಪುಸ್ತಕದಲ್ಲಿ ನರ್ಸ್ ಸಾಯ್ಲಿ."

"ಏನು?"

"ಸಾಯ್ಲಿ. ಅವಳ ಅಕ್ಕನ ಮಗಳು ಅದೇ ಆಸ್ಪತ್ರೆಗೆ ಬರ್ಲಿ. ಇಪ್ಪತ್ನಾಲ್ಕು ವರ್ಷ. ಡ್ರೈವರ್‌ಗೂ ಅವಳಿಗೂ ನಿಧಾನಕ್ಕೆ..."

"ನಿಧಾನಕ್ಕೆ?" ಅವಳಿಗೆ ಕಿವಿಯನ್ನೇ ನಂಬಲಾಗಲಿಲ್ಲ. "ಐವತ್ತೈದು ವರ್ಷದ ಗಂಡಸಿಗೆ ಇಪ್ಪತ್ನಾಲ್ಕರ ಮಗು?"

"ಅವನು ಹ್ಯಾಂಡ್ಸಮ್ ಆಗಿದ್ದಾನಲ್ಲ ಮೇಡಂ."

"ಥೂ! ನಾಚಿಕೆ ಆಗಲ್ವಾ ನಿಮಗೆ?"

"ನನ್ನ ಮೇಲೆ ಯಾಕೆ ಸಿಟ್ಟು?" ಚಿಕ್ಕ ಯಜಮಾನ ಕುರ್ಚಿಗೆ ಒರಗಿದ. "ನರ್ಸ್ ಸಾಯ್ಲಿ ಅಂತ ಮೊದಲು ಹೇಳಿದ್ದೇ ನಿಮ್ಮ ಕೆಂಪು ಪೆನ್ನು. ಕೇಳಿ ಬೇಕಾದ್ರೆ!"

ಅವಳು ನಿಧಾನವಾಗಿ ಪಕ್ಕಕ್ಕೆ ತಿರುಗಿದಳು. ಇಲ್ಲ ಎನ್ನು... ದಯವಿಟ್ಟು ಇಲ್ಲ ಎನ್ನು.

"ಹೇಳಿದ್ರಾ?"

ಅವನ ಮುಖ ಬಿಳಿಚಿಕೊಂಡಿತ್ತು. "ಹೇಳಿದೆ. ಆದ್ರೆ ಮೇಡಂ..."

'ಆದ್ರೆ'ಯ ಮುಂದಿನದನ್ನು ಕೇಳಲು ಅವಳು ಅಲ್ಲಿರಲಿಲ್ಲ. ಬಾಗಿಲು ದಢಾರನೆ ಬಡಿದುಕೊಂಡಿತು.

ಮನೆಗೆ ಬಂದವಳೇ ಕೋಣೆಯಲ್ಲಿ ಶತಪಥ ಹಾಕಿದಳು. ನನ್ನ ಮೇಜಲ್ಲೇ ಕೂತು, ನನ್ನ ಟೀ ಕುಡಿದು, ನನ್ನ ಬೆನ್ನ ಹಿಂದೆ...! ಹೆಂಡತಿಯ ಕಥೆ ಹೇಳಿ ಕರಗಿಸಿದ್ದೂ ನಾಟಕವೇ? ಅವನ ಕಣ್ಣಿಗೂ ಐವತ್ತೆರಡರ ಹೆಂಗಸು ಸತ್ತರೇ ವಾಸಿ ಅನಿಸಿತೇ?

ಅಲ್ಲಿಗೆ ಅವಳು ಗಕ್ಕನೆ ನಿಂತಳು. ತಾನು ಈಗ ನರ್ಸ್ ಬಗ್ಗೆ ಯೋಚಿಸುತ್ತಿಲ್ಲ ಎಂದು ಅವಳಿಗೇ ಗೊತ್ತಾಗಿತ್ತು.

ಅವನ ಫೋನ್ ಬಂತು. ತೆಗೆಯಲಿಲ್ಲ. ಮತ್ತೆ ಬಂತು. ತಂಗಿಯ ಕೈಗೆ ಕೊಟ್ಟು, "ನಾನಿಲ್ಲ ಅನ್ನು," ಎಂದಳು. ತಂಗಿ ಫೋನಿಗೆ ಹೇಳಿದಳು: "ಅಕ್ಕ ಇಲ್ವಂತೆ. ಅವಳೇ ಹೇಳಿದ್ಲು." ಆಮೇಲೆ ಫೋನ್ ಬರಲಿಲ್ಲ.

ಕಾದಂಬರಿಯೂ ಮುಂದೆ ಹೋಗಲಿಲ್ಲ. ಹಾಳಾಗಿ ಹೋಗಲಿ, ಸಾಯಿಸಿಯೇಬಿಡುತ್ತೇನೆ ಎಂದು ಒಂದು ಬೆಳಿಗ್ಗೆ ಕೂತಳು. ನರ್ಸಮ್ಮನನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಸಿದಳು. ಡ್ರೈವರ್ ಓಡೋಡಿ ಬಂದ. ಕೊನೆಯ ಮಾತು ಬರೆಯಬೇಕು... ಆದರೆ ನರ್ಸಮ್ಮ ಎದ್ದು ಕೂತು, ಅವನ ಮೇಲೆ ರೇಗಿದಳು. 'ಇಷ್ಟು ವರ್ಷ ಎಲ್ಲಿ ಸತ್ತಿದ್ದೆ?'

ಲೇಖಕಿಯ ಬೆರಳು ನಿಲ್ಲಲೇ ಇಲ್ಲ. ಸಂಜೆಯ ಹೊತ್ತಿಗೆ ಅವರಿಬ್ಬರೂ ಮದುವೆ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಹೊರಗೆ ಬಂದಿದ್ದರು. ಅವಳು ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಅವನು ಹೇಳಿದ್ದು ಸರಿಯಾಗಿತ್ತು. ಹಾಳಾದವನು... ಸರಿಯಾಗಿಯೇ ಹೇಳಿದ್ದ!

*

ಕೆಲದಿನಗಳಲ್ಲೇ ಗ್ರಂಥಾಲಯದ ಗೋಡೆಯ ಮೇಲೆ ಭಿತ್ತಿಪತ್ರ ಕಂಡಿತು. 'ನಿಮ್ಮ ಮೆಚ್ಚಿನ ಸರಣಿಗೆ ಹೊಸ ಜನ್ಮ! ಮುಖಪುಟ ಬಿಡುಗಡೆ.' ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

ಸಭಾಂಗಣ ತುಂಬಿತ್ತು. ಹೆಚ್ಚಿನವರು ಹೆಂಗಸರು, ಮೊದಲ ಪುಸ್ತಕದಿಂದ ಜೊತೆಗೆ ಬಂದವರು. ಚಿಕ್ಕ ಯಜಮಾನ ಬಟ್ಟೆ ಸರಿಸಿದ. ದೊಡ್ಡ ಮುಖಪುಟದಲ್ಲಿ ಒಬ್ಬ ಹುಡುಗಿ. ಬಳುಕುವ ಸೊಂಟ, ಬಿಗಿಯಾದ ಸಮವಸ್ತ್ರ. ಹಿಂದೆ ಗಂಭೀರವಾಗಿ ನರೆತ ಡ್ರೈವರ್.

ಹಿಂದಿನ ಸಾಲಿನಿಂದ ಅವಳು ಎದ್ದಳು. ಯಾರೂ ಕರೆಯದಿದ್ದರೂ ವೇದಿಕೆ ಹತ್ತಿದಳು.

"ಈ ಮಗು ಯಾರು?" ಎಂದಳು ಮೈಕ್ ಹಿಡಿದು. "ನಂಗೆ ಗೊತ್ತಿಲ್ಲ. ನಾನಂತೂ ಹೆತ್ತಿಲ್ಲ. ನಾನು ಹೆತ್ತವಳಿಗೆ ಈಗ ಐವತ್ತೆರಡು. ರಾತ್ರಿ ಪಾಳಿ ಮಾಡಿ ಮಾಡಿ ಕಣ್ಣಡಿ ಕಪ್ಪಾಗಿದೆ. ಎಷ್ಟೋ ಜನರ ಕೊನೇ ಉಸಿರು ಅವಳ ಕೈಯಲ್ಲಿ ಹೋಗಿದೆ. ಆ ಮುಖ ಮುಖಪುಟಕ್ಕೆ ಬೇಡವಂತೆ! ಅವಳು ಸತ್ತು ಜಾಗ ಬಿಡ್ಬೇಕಂತೆ. ಇವನು ಮಾತ್ರ ಇರ್ಬೇಕಂತೆ!" ಚಿತ್ರದ ಡ್ರೈವರ್ ಕಡೆ ಬೆರಳು ತೋರಿಸಿದಳು. "ಯಾಕೆ? ನಮಗೆ ವಯಸ್ಸಾದ್ರೆ ನಾವು ಕಥೆಯಿಂದ ಎದ್ದು ಹೋಗ್ಬೇಕಾ? ಪ್ರೀತಿ ಏನು, ಯಾವುದೋ ವಯಸ್ಸಿಗೆ ಬೀಗ ಹಾಕೋ ಅಂಗಡೀನಾ?"

ಮುಂದಿನ ಸಾಲಿನಲ್ಲಿ ದಪ್ಪ ದೇಹದ ಅಜ್ಜಿಯೊಬ್ಬರು ಊರುಗೋಲು ಊರಿ ಎದ್ದರು.

"ನನ್ನ ಮೊಣಕಾಲು ಅವಳ ಮೊಣಕಾಲಿನ ಜೊತೆಗೇ ಹೋಗಿದ್ದು ಕಣಮ್ಮ. ಅವಳನ್ನ ಸಾಯ್ಸಿದ್ರೆ ನಾನು ಈ ಕೋಲಲ್ಲೇ ಮಾತಾಡ್ತೀನಿ!"

ಸಭಾಂಗಣ ಚಪ್ಪಾಳೆಯಲ್ಲಿ, ಕೂಗಾಟದಲ್ಲಿ ಮುಳುಗಿತು. ಚಿಕ್ಕ ಯಜಮಾನ ಬೆವರು ಒರೆಸಿಕೊಂಡು, ಆತುರಾತುರವಾಗಿ ಬಟ್ಟೆಯನ್ನು ಮುಖಪುಟದ ಮೇಲೆ ಮತ್ತೆ ಎಳೆದ. "ನೋಡೋಣ... ಮತ್ತೆ ಕೂತು ಮಾತಾಡೋಣ," ಎಂದು ತೊದಲಿದ.

ವೇದಿಕೆಯಿಂದಿಳಿದವಳ ಕೈ ಹಿಡಿದದ್ದು ಲೆಕ್ಕದ ಮೇಡಂ.

"ಚೆನ್ನಾಗಿ ಬಿಟ್ರಿ ಮೇಡಂ! ಕೆಂಪು ಪೆನ್ನು ಇದ್ದಿದ್ರೆ ಕುಣೀತಿದ್ರು."

"ಅವರ ಹೆಸರು ಎತ್ಬೇಡಿ. ಸಾಯ್ಲಿ ಅಂದವರೇ ಅವರು."

"ಅಯ್ಯೋ, ಪೂರ್ತಿ ಗೊತ್ತಿಲ್ವಾ ನಿಮಗೆ? ಆವತ್ತು ಆ ಮೀಟಿಂಗಲ್ಲಿ ನಾನೂ ಇದ್ದೆ. ಚಿಕ್ಕೋರು ನರ್ಸ್‌ನ ಮತ್ತೆ ಇಪ್ಪತ್ತೈದು ವರ್ಷದವಳಾಗಿ ಮಾಡೋಣ ಅಂದ್ರು. ಇವರು ಮೇಜು ಗುದ್ದಿ ಎದ್ರು. 'ಅದಕ್ಕಿಂತ ಅವಳು ಸಾಯ್ಲಿ. ಸತ್ರೂ ಅವಳು ಬಾಳಿದ ವರ್ಷಗಳು ಅವಳ ಹತ್ರ ಇರುತ್ತೆ. ಅದನ್ನ ಕಿತ್ಕೊಳ್ಳೋ ಹಕ್ಕು ನಿಮಗಿಲ್ಲ,' ಅಂದ್ರು. ಇದರಲ್ಲಿ ಚಿಕ್ಕೋರಿಗೆ ಕೇಳಿಸಿದ್ದು ಒಂದೇ ಪದ! ನೀವು ಬಾಗಿಲು ಬಡಿದು ಹೋದ್ರಲ್ಲ, ಆ ದಿನವೇ ಇವರೂ ಕೆಲಸ ಬಿಟ್ಟು ಹೋದ್ರು."

ಅವಳು ಅಲ್ಲೇ ಅವನ ಮನೆಯ ವಿಳಾಸ ಕೇಳಿ ಬರೆದುಕೊಂಡಳು.

*

ಮರುದಿನ ಬೆಳಿಗ್ಗೆ ಅವನ ಮನೆಯ ಬಾಗಿಲು ತಟ್ಟಿದಾಗ ಅವನು ಒದ್ದೆ ಶರ್ಟು ಹಿಂಡುತ್ತಾ ಬಂದು ತೆರೆದ. ಅವಳನ್ನು ನೋಡಿ ಹಾಗೇ ನಿಂತುಬಿಟ್ಟ. ಶರ್ಟಿನಿಂದ ನೀರು ತೊಟ್ಟಿಕ್ಕಿ ಅವನ ಪಾದದ ಮೇಲೆ ಬೀಳುತ್ತಿತ್ತು.

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಬಾಯಿ ತೆರೆದರೆ ಬಂದದ್ದೇ ಬೇರೆ!

"ಅಷ್ಟು ಒಳ್ಳೇ ಮಾತಾಡಿ ಅರ್ಧ ಮಾತ್ರ ಒಪ್ಕೊಂಡ್ರಲ್ಲ, ನಿಮ್ಮ ನಾಲಿಗೆಗೆ ಏನಾಗಿತ್ತು? ಕೆಲಸ ಬಿಟ್ರಿ, ಅದನ್ನಾದ್ರೂ ಹೇಳ್ಬಾರ್ದಿತ್ತಾ?"

"ನೀವು ಇಲ್ಲ ಅಂತ ನೀವೇ ಹೇಳಿದ್ರಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. "ತಪ್ಪಾಯ್ತು," ಎಂದಳು ಸಣ್ಣ ದನಿಯಲ್ಲಿ. "ಪೂರ್ತಿ ಕೇಳ್ಬೇಕಿತ್ತು ನಾನು."

"ನಾನೂ ನಿಮ್ಮ ಹಿಂದೆಯೇ ಓಡಿ ಬಂದು ಹೇಳ್ಬೇಕಿತ್ತು."



"ಅವರಿಬ್ರಿಗೂ ಮದುವೆ ಮಾಡ್ಸಿದೆ," ಎಂದಳು.

ಅವನ ಕಣ್ಣು ಅರಳಿತು. "ನಿಜವಾಗ್ಲೂ?"

"ನಿಜವಾಗ್ಲೂ. ಆದ್ರೆ ಅಲ್ಲಿಂದ ಮುಂದೆ ಒಂದು ಸಾಲೂ ಬರೀತಿಲ್ಲ. ಈ ವಯಸ್ಸಲ್ಲಿ ಮದುವೆಯಾದೋರು ಬೆಳಿಗ್ಗೆ ಎದ್ದು ಏನು ಮಾತಾಡ್ತಾರೆ? ಯಾವುದಕ್ಕೆ ಜಗಳ ಆಡ್ತಾರೆ? ನಂಗೆ ಗೊತ್ತಿಲ್ಲ... ಗೊತ್ತಿಲ್ಲದ್ದನ್ನ ಹೇಗೆ ಬರೀಲಿ?"

"ಅದಕ್ಕೆ ಸಂಪಾದಕ ಬೇಕಾ?"

"ಸಂಪಾದಕ ಯಾರಿಗೆ ಬೇಕು!" ಅವಳು ರೇಗಿದಳು. "ನೀವು ಬೇಕು. ಹೇಳೇಬಿಟ್ಟೆ. ಐವತ್ತೆರಡು ವರ್ಷದಲ್ಲಿ ಮೊದಲನೇ ಸಲ ಹೇಳ್ತಿದ್ದೀನಿ. ನಗಬೇಡಿ!"

ಅವನು ನಗಲಿಲ್ಲ. ಒದ್ದೆ ಶರ್ಟನ್ನು ಬಾಗಿಲ ಚಿಲಕಕ್ಕೆ ನೇತುಹಾಕಿ, ಒದ್ದೆ ಕೈಯಿಂದಲೇ ಅವಳ ಕೈ ಹಿಡಿದುಕೊಂಡ.

"ಕಚೇರಿ ಮಹಡಿಯಲ್ಲಿ ಕೂಗಾಡಿ ಇಳಿದು ಹೋದ್ರಲ್ಲ, ಕಿಟಕಿಯಿಂದ ನೋಡ್ತಿದ್ದೆ. ರಸ್ತೆಯಲ್ಲಿ ಒಬ್ರೇ ನಿಂತು ನಗ್ತಿದ್ರಿ. ಆವತ್ತಿನಿಂದ ನೀವು ನನ್ನ..."

"ಇನ್ನೂ ನೀವೇನಾ?" ಎಂದಳು ಅವಳು, ಕಣ್ಣೀರು ಒರೆಸಿಕೊಳ್ಳದೆ.

"ನೀವು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ."

"ಮೊದಲು ನೀವು."

ಅವನು ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತ.

"ಒಳಗೆ ಬಾ," ಎಂದ ಮೆಲ್ಲಗೆ.

ಆ ಒಂದಕ್ಷರ ಅವಳ ಮೈಯೆಲ್ಲ ಹರಿದಾಡಿತು.

"ಬಂದೆ ಕಣೋ," ಎಂದಳು ಸಿಡಿಮಿಡಿ ಮೇಡಂ. "ಮೊದಲು ಆ ಪಾದ ಒರೆಸ್ಕೋ, ಶೀತ ಆಗುತ್ತೆ."